ಅಜ್ಜಿಯ ಕೌದಿ, ನನ್ನ ನುಸಿಗುಳಿಗೆ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಎಂಟರ ಬಸ್ಸಿಗೆ ಇನ್ನೂ ಹೊತ್ತಿದೆಯೇ ಎಂದು ಆಗಷ್ಟೇ ಕೈಗಡಿಯಾರ ನೋಡಿಕೊಂಡಿದ್ದೆ, ಅದಕ್ಕೇ ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ. ಅವ್ವ ಬಾಣಂತಿ ಕೋಣೆಯಿಂದ ಕೂಸಿನ ಒದ್ದೆ ಬಟ್ಟೆ ಹಿಡಿದು ಹಿತ್ತಿಲಿಗೆ ಹೊರಟವಳು ನಡುಮನೆಯ ಬೆಳಕಿಂಡಿಯ ಕೆಳಗೆ ನಿಂತಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಕಷಾಯ ಏನಾರ ಚೆಲ್ಲಿದ್ಯೇನೆ ಗಿರಿಜಾ?”

“ಇಲ್ಲವ್ವ. ಕೂಸು ಉಚ್ಚೆ ಹೊಯ್ದಿದ್ದು ಅದು,” ಎಂದಳು ಒಳಗಿಂದ ಅಕ್ಕ.

ಬಿಳಿ ಬಟ್ಟೆಯ ನಡುವೆ ಅಂಗೈಯಗಲದ ಕಲೆ. ಹಾಲು ಹಾಕದ ಚಹಾದ ಬಣ್ಣ. ಕೂಸು ಹುಟ್ಟಿ ಐದನೆಯ ದಿನ. ಮೂರನೆಯ ದಿನದಿಂದಲೇ ಅದರ ಮೈ ಹಳದಿಗೆ ತಿರುಗಿತ್ತು. ಎಲ್ಲ ಕೂಸುಗಳೂ ಒಂದಿಷ್ಟು ಹಳದಿಯಾಗುತ್ತವೆ, ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂದು ಅವ್ವ ಹೇಳಿದ್ದಳು, ನಾನೂ ನಂಬಿದ್ದೆ. ಆದರೆ ಈ ಕಲೆಯನ್ನು ನಾವು ಮೂವರೂ ಹಿಂದೆ ಒಮ್ಮೆ ನೋಡಿದ್ದೆವು. ಎರಡು ವರ್ಷದ ಕೆಳಗೆ, ಇದೇ ಕೋಣೆಯಲ್ಲಿ, ಅಕ್ಕನ ಮೊದಲ ಮಗನ ಬಟ್ಟೆಯ ಮೇಲೆ. ಆ ಕೂಸು ಏಳನೆಯ ದಿನ ಹೋಗಿತ್ತು.

ಇದನ್ನೆಲ್ಲ ಬರೆಯಲು ಕೂತದ್ದಕ್ಕೆ ಕಾರಣ ಮೊನ್ನೆಯ ಒಂದು ವಾಸನೆ. ಮದುವೆಗೆಂದು ಸೊರಬಕ್ಕೆ ಹೋದವನು ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ದೋಸೆ ತಿಂದು ಕೈ ತೊಳೆಯಲು ಎದ್ದೆ. ತೊಟ್ಟಿಯ ಜಾಲರಿಯ ಮೇಲೆ ನಾಲ್ಕು ಬಿಳಿ ಗುಳಿಗೆಗಳಿದ್ದವು. ಆ ಘಾಟು ಮೂಗಿಗೆ ಬಡಿದದ್ದೇ ಎಂಜಲು ಕೈಯಲ್ಲೇ ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ಹೋಟೆಲಿನವರು ದೋಸೆಯಲ್ಲಿ ಏನಾದರೂ ಬಿದ್ದಿತ್ತೇ ಎಂದು ಓಡಿಬಂದರು. ಏನಿಲ್ಲ, ತಲೆ ಸುತ್ತಿತು ಅಷ್ಟೆ ಎಂದೆ. ಇಷ್ಟು ವರ್ಷವಾದರೂ ನಮ್ಮ ಮನೆಯೊಳಗೆ ನುಸಿಗುಳಿಗೆ ಬಂದಿಲ್ಲ.

೧೯೫೯ರ ಜನವರಿ, ಸಂಕ್ರಾಂತಿಗೆ ಮೊದಲ ಭಾನುವಾರ ಅದು. ನಮ್ಮ ಮನೆ ಜಡೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಗದ್ದೆಯನ್ನು ಅವ್ವನೇ ನೋಡಿಕೊಳ್ಳುತ್ತಿದ್ದಳು. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಶಿಕಾರಿಪುರದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಅಕ್ಕನನ್ನು ಕೊಟ್ಟದ್ದೂ ಶಿಕಾರಿಪುರಕ್ಕೇ. ಭಾವ ಅಲ್ಲಿ ಬೆಲ್ಲ, ಬೇಳೆಕಾಳಿನ ಅಂಗಡಿ ಇಟ್ಟಿದ್ದರು. ಹೆರಿಗೆಗೆ ಅಕ್ಕ ತವರಿಗೆ ಬಂದಿದ್ದಳು. ಕಣದಲ್ಲಿ ಭತ್ತದ ಒಕ್ಕಲು ನಡೆಯುತ್ತಿತ್ತು. ಬೆಳಗಿನ ಹೊತ್ತು ಮಂಜು ಎಷ್ಟು ದಟ್ಟವೆಂದರೆ ಬಣವೆಗಳು ಎಂಟು ಗಂಟೆಯವರೆಗೆ ಕಾಣುತ್ತಿರಲಿಲ್ಲ.

ಹೆಸರಿಡುವವರೆಗೆ ಕೂಸಿಗೆ ಹೊಸ ಬಟ್ಟೆ ಹಾಕಬಾರದು ಎಂಬುದು ನಮ್ಮ ಮನೆಯ ರೂಢಿ. ತೀರಿಹೋದ ಅಜ್ಜಿಯ ಹಳೆಯ ಸೀರೆಗಳನ್ನು ಪದರದ ಮೇಲೆ ಪದರವಿಟ್ಟು ಹೊಲಿದ ಪುಟ್ಟ ಕೌದಿಯಲ್ಲೇ ಅದನ್ನು ಸುತ್ತಬೇಕು. ತಲೆಗೆ ಅದೇ ಸೀರೆಯ ತುಂಡಿನಿಂದ ಮಾಡಿದ ಕುಂಚಿಗೆ. ಅಜ್ಜಿಯ ಮೈಯ ಬಿಸಿ ಕೂಸಿಗೆ ಸಿಗಲಿ ಎಂದು. ಕೌದಿ, ಕುಂಚಿಗೆ ಎರಡೂ ಒಂದು ಕಬ್ಬಿಣದ ಟ್ರಂಕಿನಲ್ಲಿ ಇರುತ್ತಿದ್ದವು. ಹುಳ ಬೀಳದಿರಲೆಂದು ಅವ್ವ ಅದರಲ್ಲಿ ಲಕ್ಕಿ ಸೊಪ್ಪು, ಬಜೆ ಬೇರು ಇಡುತ್ತಿದ್ದಳು. ನಾನು ಮೈಸೂರಿನಿಂದ ಬಂದ ಮೊದಲ ರಜೆಯಲ್ಲಿ ಆ ಸೊಪ್ಪನ್ನೆಲ್ಲ ತಿಪ್ಪೆಗೆ ಸುರಿದು ಒಂದು ಬೊಗಸೆ ನುಸಿಗುಳಿಗೆ ಹಾಕಿದ್ದೆ. “ಸೊಪ್ಪಿಟ್ಟು ಹುಳ ಓಡಿಸೋ ಕಾಲ ಹೋಯ್ತವ್ವ,” ಎಂದಿದ್ದೆ. ಅವ್ವನಿಗೆ ಆ ವಾಸನೆ ಹಿಡಿಸಿತ್ತು. ಓದಿದವರ ಮನೆಯ ವಾಸನೆ ಎನ್ನುತ್ತಿದ್ದಳು. ಆಮೇಲೆ ಗುಳಿಗೆ ಸವೆದಾಗಲೆಲ್ಲ ಶಿಕಾರಿಪುರದ ಪೇಟೆಯಿಂದ ತಂದು ತುಂಬುವುದು ನನ್ನ ಕೆಲಸವಾಯಿತು.

ಗುಳಿಗೆ ಸವೆಯುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಡಿಸೆಂಬರಿನಲ್ಲೇ ಒಂಬತ್ತನೆಯ ತರಗತಿಗೆ ಅದನ್ನು ಪಾಠ ಮಾಡಿದ್ದೆ. ಗಟ್ಟಿ ವಸ್ತು ನೀರಾಗದೆ ನೇರ ಆವಿಯಾಗುವುದು, ಉತ್ಪತನ. ಜೇನುಗೂಡಿನ ಎರಡು ಕೋಣೆ ಅಂಟಿಕೊಂಡಂತೆ ಎರಡು ಷಟ್ಕೋನ ಬರೆದು, ಇದು ನ್ಯಾಫ್ತಲೀನು, ಹತ್ತು ಇಂಗಾಲ, ಎಂಟು ಜಲಜನಕ ಎಂದು ಬೋರ್ಡಿನ ಮೇಲೆ ತೋರಿಸಿದ್ದೆ. ಆ ಆವಿ ಎಲ್ಲಿಗೆ ಹೋಗುತ್ತದೆ ಸಾರ್ ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಅದು ಕೌದಿಯ ಎಳೆಎಳೆಗೂ ಹೋಗಿತ್ತು. ಕೂಸಿಗೆ ದಿನಾ ಎರಡು ಹೊತ್ತು ಎಣ್ಣೆ ತಿಕ್ಕಿ, ಎರೆದು, ಮತ್ತೆ ತೆಳ್ಳಗೆ ಎಣ್ಣೆ ಸವರಿ, ಕೌದಿಯಲ್ಲಿ ಬಿಗಿಯಾಗಿ ಸುತ್ತಿ, ತೊಟ್ಟಿಲ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು. ನ್ಯಾಫ್ತಲೀನು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಬಿಸಿಗೆ ಬೇಗ ಆವಿಯಾಗುತ್ತದೆ. ಎಳೆಯ ಚರ್ಮ, ಎಣ್ಣೆ, ಬಿಸಿ, ಬಿಗಿ ಸುತ್ತು. ಯಾರಾದರೂ ಬೇಕೆಂದೇ ಯೋಚಿಸಿ ಮಾಡಿದ್ದರೂ ಇದಕ್ಕಿಂತ ಪಕ್ಕಾ ವ್ಯವಸ್ಥೆ ಮಾಡಲಾಗುತ್ತಿರಲಿಲ್ಲ.

ಆ ಬೆಳಿಗ್ಗೆ ಇದ್ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಕೂಸನ್ನು ಸೊರಬದ ಆಸ್ಪತ್ರೆಗೆ ಒಯ್ಯಬೇಕು ಎಂಬುದಷ್ಟೇ ಇತ್ತು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಹನ್ನೊಂದು ದಿನ ತುಂಬದೆ ಬಾಣಂತಿ ಹೊಸ್ತಿಲು ದಾಟ್ತಾಳೇನೋ? ಥಂಡಿ ಬ್ಯಾರೆ. ನೀ ಹೋಗಿ ಔಷಧ ತಗಂಡು ಬಾ.”

ಅಕ್ಕ ಆಗಲೇ ಸೆರಗು ಸುತ್ತಿಕೊಂಡು ಎದ್ದಿದ್ದಳು. “ಹೋದ್ಸಾರಿ ದಾಟ್ಲಿಲ್ಲಲ್ಲವ್ವ,” ಎಂದಳು. “ಏನ್ ಉಳೀತು?”

ಅವ್ವ ಪಕ್ಕಕ್ಕೆ ಸರಿದಳು. ತಾನೂ ಚಪ್ಪಲಿ ಮೆಟ್ಟಿಕೊಂಡಳು.

ಎಂಟರ ಬಸ್ಸಿನಲ್ಲಿ ಕಿಟಕಿಗಳ ಪರದೆ ಇಳಿಬಿಟ್ಟಿದ್ದರು. ಗಾಳಿ ನುಗ್ಗುತ್ತಿತ್ತು. ಅಕ್ಕನಿಗೆ ಕೂರಲು ಕಷ್ಟವೆಂದು ಕೂಸನ್ನು ನಾನೇ ಎತ್ತಿಕೊಂಡಿದ್ದೆ. ಅದು ಅಳುತ್ತಿರಲಿಲ್ಲ. ಚಳಿಯಾದೀತೆಂದು ಕೌದಿಯನ್ನು ಎರಡು ಸಲ ಬಿಗಿ ಮಾಡಿದೆ, ಕುಂಚಿಗೆಯನ್ನು ಮೂಗಿನವರೆಗೆ ಎಳೆದೆ. ಈಗಲೂ ನನ್ನ ಕೈಗಳು ಅದನ್ನು ಮಾಡುತ್ತವೆ. ಕನಸಿನಲ್ಲಿ ಬಸ್ಸು ಸೊರಬ ತಲುಪುವುದೇ ಇಲ್ಲ, ನಾನು ಬಿಗಿ ಮಾಡುತ್ತಲೇ ಇರುತ್ತೇನೆ.

ಸೊರಬದ ಆಸ್ಪತ್ರೆಯ ಡಾಕ್ಟರಮ್ಮನಿಗೆ ಆಗ ಮೂವತ್ತು ದಾಟಿರಲಾರದು. ಮದರಾಸಿನಲ್ಲಿ ಓದಿದವರು. ಭಾನುವಾರವಾದ್ದರಿಂದ ಮನೆಯಿಂದ ಕರೆಸಿದರು. ಒದ್ದೆ ಕೂದಲನ್ನು ಗಂಟು ಹಾಕಿಕೊಳ್ಳುತ್ತ ಬಂದವರು ಕೂಸಿನ ಮುಖ ನೋಡಿದವರೇ ಕೌದಿ ಬಿಚ್ಚಿದರು. ಬಿಚ್ಚುತ್ತಿದ್ದ ಕೈ ನಿಂತಿತು. ಕೌದಿಯನ್ನು ಮೂಗಿಗೆ ಹಿಡಿದರು.

“ಏನ್ರೀ ಇದು ವಾಸನೆ?”

“ನ್ಯಾಫ್ತಲೀನ್ ಮೇಡಂ. ಹುಳ ಬೀಳಬಾರದು ಅಂತ ನಾನೇ...” ನನ್ನ ದನಿಯಲ್ಲಿ ಆಗಲೂ ಒಂದು ಚೂರು ಹೆಮ್ಮೆ ಇತ್ತು. ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಅವರು ಕೌದಿ, ಕುಂಚಿಗೆ ಎರಡನ್ನೂ ಕಿಟಕಿಯಿಂದ ಅಂಗಳಕ್ಕೆ ಎಸೆದರು. ನರ್ಸಮ್ಮನನ್ನು ಕೂಗಿ ಕೂಸಿನ ಮೈಯ ಎಣ್ಣೆ ಹೋಗುವಂತೆ ಬಿಸಿನೀರು, ಸಾಬೂನಿನಿಂದ ತೊಳೆಸಿದರು. ಹಿಮ್ಮಡಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದುಕೊಂಡರು. ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧವನ್ನು ತೆಳ್ಳಗೆ ಮಾಡಿ ಅದಕ್ಕೆ ಸೇರಿಸಿ, ಮಲೇರಿಯಾ ನೋಡಲು ಇಟ್ಟಿದ್ದ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ಕಣ್ಣಿಟ್ಟರು.

“ಬಿ.ಎಸ್ಸಿ. ಅಂದ್ರಲ್ಲ. ಬನ್ನಿ, ನೋಡಿ.”

ನೋಡಿದೆ. ಮಸುಕು ಬಿಲ್ಲೆಗಳಂಥ ಕೆಂಪು ಕಣಗಳು. ಎಷ್ಟೋ ಕಣಗಳ ಅಂಚಿನಲ್ಲಿ ಒಂದೋ ಎರಡೋ ನೇರಳೆ ಚುಕ್ಕೆ, ಒಳಗೋಡೆಗೆ ಮೆತ್ತಿದಂತೆ.

“ಆ ಚುಕ್ಕೆ ಇರಬಾರದು. ಹಿಮೋಗ್ಲೋಬಿನ್ ಅನ್ನೋ ಪ್ರೋಟೀನು ಕೆಟ್ಟು ಗಟ್ಟಿಯಾಗಿರೋದು ಅದು. ಹಾಲು ಒಡೆದ ಹಾಗೆ. ಒಡೆದ ಹಾಲು ಮತ್ತೆ ಹಾಲಾಗುತ್ತೇನ್ರೀ? ಇಂಥ ಕಣಗಳು ಪಟಪಟ ಅಂತ ಒಡೀತಾ ಇವೆ. ಉಚ್ಚೆ ಬಣ್ಣ ಅದರದ್ದೇ. ಮೈ ಹಳದೀನೂ ಅದರದ್ದೇ. ಈ ಹಳದಿ ಮೆದುಳಿಗೆ ಏರಿತು ಅಂದ್ರೆ ಮಗು ಉಳಿಯೋದು ಕಷ್ಟ. ಉಳಿದ್ರೂ ಬಿಲ್ಲಿನ ಹಾಗೆ ಸೆಟೆದುಕೊಂಡೇ ಉಳಿಯುತ್ತೆ.”

ನಾನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದೆ. “ಆದರೆ ಮೇಡಂ, ಊರಲ್ಲಿ ಎಷ್ಟು ಮನೆಯ ಟ್ರಂಕಿನಲ್ಲಿ ಈ ಗುಳಿಗೆ ಇದೆ...”

“ಅದಕ್ಕೇ ಹೇಳ್ತಿರೋದು ಕೇಳಿ. ಕೆಂಪು ಕಣ ಆಮ್ಲಜನಕ ಹೊರೋ ಕಣ. ಕಬ್ಬಿಣಕ್ಕೆ ತುಕ್ಕು ಹಿಡಿಸೋದೂ ಅದೇ ಆಮ್ಲಜನಕ ಅಲ್ವಾ? ಒಳಗೆ ತುಕ್ಕು ಹಿಡೀದ ಹಾಗೆ ಕಾಯೋಕೆ ಒಂದು ಸಣ್ಣ ಪದಾರ್ಥ ಇದೆ, ಗ್ಲೂಟಾಥಯೋನ್ ಅಂತ. ಏಟು ಬಂದಾಗ ತಾನು ತಿಂದು ಹಿಮೋಗ್ಲೋಬಿನ್ನನ್ನ ಉಳಿಸುತ್ತೆ. ಏಟು ತಿಂದದ್ದನ್ನ ಮತ್ತೆ ಸರಿ ಮಾಡೋಕೆ ಜಲಜನಕ ಬೇಕು. ಅದನ್ನ ಸಕ್ಕರೆಯಿಂದ ಕಿತ್ತು ಕೊಡೋದು ಒಂದು ಕಿಣ್ವ. ಕಿಣ್ವ ಅಂದ್ರೂ ಪ್ರೋಟೀನೇ. ಕೆಲವರ ರಕ್ತದಲ್ಲಿ ಆ ಕಿಣ್ವವೇ ಸಾಲದು ಅಂತ ಈಗ ಎರಡು ಮೂರು ವರ್ಷದಿಂದ ಪತ್ರಿಕೆಗಳಲ್ಲಿ ಬರೀತಿದಾರೆ.”

“ಸಾಲದಿದ್ದರೆ ಕಣ ಹೊಸದಾಗಿ ಮಾಡಿಕೊಳ್ಳುವುದಿಲ್ಲವೇ?”

“ಎಲ್ಲಿಂದ ಮಾಡ್ಕೊಳ್ಳುತ್ತೆ? ಕೆಂಪು ಕಣ ಮೂಳೆಯ ಮಜ್ಜೆಯಿಂದ ಹೊರಡೋ ಮೊದಲೇ ತನ್ನ ನ್ಯೂಕ್ಲಿಯಸ್ಸನ್ನ ಎಸೆದುಬಿಡುತ್ತೆ. ಬುತ್ತಿ ಕಟ್ಕೊಂಡು ಹೊರಟವರ ಹಾಗೆ. ನಾಲ್ಕು ತಿಂಗಳ ದಾರಿ, ನಡುವೆ ಒಲೆ ಇಲ್ಲ. ಕಟ್ಟಿದ ಬುತ್ತಿ ಅಷ್ಟು ದಿನ ಕೆಡದೆ ಬರಬೇಕು. ಇವರದ್ದು ಬೇಗ ಹಳಸುತ್ತೆ. ಸುಮ್ಮನೆ ನಡೀತಾ ಇದ್ರೆ ಏನೂ ಆಗಲ್ಲ, ಆಯುಸ್ಸೆಲ್ಲ ಚೆನ್ನಾಗೇ ಇರ್ತಾರೆ. ದಾರೀಲಿ ಏಟು ಬಿತ್ತು ಅಂದ್ರೆ ಸತ್ತರು. ನಿಮ್ಮ ಗುಳಿಗೆ ಆ ಏಟು. ಯಕೃತ್ತು ಅದನ್ನ ಹೊರಗೆ ಹಾಕೋಕೆ ಅಂತ ಬದಲಾಯಿಸ್ತಾ ಹೋಗುತ್ತಲ್ಲ, ಆ ನಡುವೆ ಹುಟ್ಟೋ ಪದಾರ್ಥಗಳು ತುಕ್ಕು ಹಿಡಿಸೋ ಜಾತಿಯವು.”

ಅಷ್ಟು ಹೊತ್ತಿಗೆ ತೊಳೆದ ಕೂಸನ್ನು ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿಕೊಂಡು ಅಕ್ಕ ಬಾಗಿಲಿಗೆ ಬಂದಳು. ಹಿಂದೆ ಅವ್ವ. ಡಾಕ್ಟರಮ್ಮ ನನ್ನತ್ತ ತಿರುಗಿ ಕೇಳಿದರು. “ಮೊದಲನೇ ಮಗೂನೂ ಹಳದಿಯಾಗೇ ಹೋಯ್ತು ಅಂದ್ರಿ. ಆಗಲೂ ಈ ಗುಳಿಗೆ ಇತ್ತಾ?”

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ,” ಎಂದೆ. “ಈ ವರ್ಷವೇ ತಂದದ್ದು.”

ಅಕ್ಕ ಕೂಸಿಗೆ ಹಾಲು ಕುಡಿಸಲು ಒಳಗೆ ಹೋದಳು. ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು, ಎದ್ದರು, ಓಡಾಡಿದರು.

“ಗಾಜು ಒಂದು ಹೇಳ್ತಿದೆ, ನೀವು ಇನ್ನೊಂದು ಹೇಳ್ತಿದೀರಿ. ಮದ್ದು ಗುಳಿಗೆ ಏನೂ ಇಲ್ಲದೆ ಮೊದಲನೇದೂ ಹೀಗೇ ಹೋಗಿದ್ರೆ, ತಾಯಿ ರಕ್ತಕ್ಕೂ ಮಗು ರಕ್ತಕ್ಕೂ ಆಗದೆ ಇರೋ ಕಾಯಿಲೆ ಇರಬಹುದು. ಎರಡಕ್ಕೂ ಮಗುವಿನ ಕೆಟ್ಟ ರಕ್ತ ತೆಗೆದು ಒಳ್ಳೆ ರಕ್ತ ಕೊಡಬೇಕು. ಆದ್ರೆ ಗುಳಿಗೆಯಿಂದ ಆಗಿದ್ರೆ ಅಪ್ಪನ ರಕ್ತ ನಡೆಯುತ್ತೆ. ಇನ್ನೊಂದಾದ್ರೆ ಅಪ್ಪನ ರಕ್ತ ಕೊಟ್ಟೆವೋ, ಮಗೂನ ನಾವೇ ಕೊಂದ ಹಾಗೆ. ಅದನ್ನ ನೋಡೋ ಸೌಕರ್ಯ ನನ್ನ ಹತ್ರ ಇಲ್ಲ. ಶಿವಮೊಗ್ಗಕ್ಕೆ ಕಳಿಸೋಣ ಅಂದ್ರೆ...” ಕೂಸು ಆ ದಾರಿ ತಾಳುವುದಿಲ್ಲವೆಂದು ಅವರ ಮುಖದಲ್ಲೇ ಇತ್ತು.

“ನನ್ನ ರಕ್ತ ತಗೊಳ್ಳಿ,” ಎಂದು ನಾನು ಅಂಗಿಯ ತೋಳು ಮಡಚಿದೆ.

“ನಿಮಗೆ ಯಾವಾಗಲಾದ್ರೂ ಮಲೇರಿಯಾ ಬಂದಿತ್ತಾ? ಮಾತ್ರೆ ತಗೊಂಡಾಗ ಉಚ್ಚೆ ಕಪ್ಪಾಗಿತ್ತಾ?”

ಎಂಟನೆಯ ಇಯತ್ತೆಯಲ್ಲಿದ್ದಾಗ ಆಗಿತ್ತು. ಸರ್ಕಾರಿ ಮಾತ್ರೆ ನುಂಗಿದ ಮೂರನೆಯ ದಿನ ಇದೇ ಚಹಾದ ಬಣ್ಣ. ಜ್ವರ ಕರಗಿ ಹೋಗ್ತಾ ಐತೆ ಎಂದು ಅವ್ವ ಸಮಾಧಾನ ಹೇಳಿದ್ದಳು. ಒಂದು ವಾರ ಎದ್ದು ನಿಲ್ಲಲಾಗಿರಲಿಲ್ಲ.

“ಹಾಗಾದ್ರೆ ನಿಮ್ಮದು ಬೇಡ,” ಎಂದರು ಡಾಕ್ಟರಮ್ಮ. “ನಿಮ್ಮದೂ ಅದೇ ಬುತ್ತಿ.”

ಅಂಗಳಕ್ಕೆ ಬಂದೆ. ಬೇಲಿಯ ಗಿಡದ ಮೇಲೆ ಅಜ್ಜಿಯ ಕೌದಿ ಬಿದ್ದಿತ್ತು. ಬಿಸಿಲು ಏರಿ ಅದರಿಂದ ವಾಸನೆ ಹೊಮ್ಮುತ್ತಿತ್ತು. ಮೊದಲ ಕೂಸು ಹುಟ್ಟಿದಾಗ ಟ್ರಂಕಿನ ಗುಳಿಗೆಗಳಿಗೆ ಆರು ತಿಂಗಳ ವಯಸ್ಸು. ಆ ಕೂಸಿಗೂ ಇದೇ ಕೌದಿ. ಒಳಗೆ ಹೇಳಿದ ಸುಳ್ಳನ್ನು ನಾನು ಯೋಚಿಸಿ ಹೇಳಿದ್ದಲ್ಲ. ಅಕ್ಕನ ಕಣ್ಣು ತಪ್ಪಿಸಿಕೊಳ್ಳಲು ಬಾಯಿಂದ ಬಂದದ್ದು. ಆದರೆ ಅದನ್ನು ಹಿಂತೆಗೆದುಕೊಳ್ಳಲು ಆ ಬೇಲಿಯ ಪಕ್ಕ ಎಷ್ಟು ಹೊತ್ತು ನಿಂತೆನೋ. ಶಿಕಾರಿಪುರಕ್ಕೆ ಹೋಗುವ ಬಸ್ಸು ಹಾರ್ನ್ ಮಾಡಿಕೊಂಡು ಆಸ್ಪತ್ರೆಯ ಮುಂದೆ ದಾಟಿತು. ಅದನ್ನು ನೋಡುತ್ತ ನಿಂತೇ ಇದ್ದೆ. ಆಮೇಲೆ ಒಳಗೆ ಹೋಗಿ, “ಆಗಲೂ ಇತ್ತು ಮೇಡಂ. ಸುಳ್ಳು ಹೇಳಿದೆ,” ಎಂದೆ.

ಅವರು ಬೈಯಲಿಲ್ಲ. ಗೋಡೆಯ ಗಡಿಯಾರ ನೋಡಿದರು. “ಈ ಮಾತು ಹತ್ತು ನಿಮಿಷ ಮೊದಲು ಹೇಳಿದ್ರೆ ಹತ್ತೂವರೆ ಬಸ್ಸು ಸಿಗ್ತಿತ್ತು. ಇನ್ನು ಹನ್ನೆರಡಕ್ಕೇ. ಹೋಗಿ, ಮಗುವಿನ ಅಪ್ಪನ್ನ ಕರ್ಕೊಂಡು ಬನ್ನಿ.”

ಆ ಒಂದೂವರೆ ಗಂಟೆಯನ್ನು ನಾನು ಜೀವಮಾನವೆಲ್ಲ ಲೆಕ್ಕ ಹಾಕಿದ್ದೇನೆ. ಕಣಗಳು ಒಡೆಯುತ್ತಲೇ ಇದ್ದವು.

ಶಿಕಾರಿಪುರದ ಅಂಗಡಿಯಲ್ಲಿ ಭಾವ ಬೆಲ್ಲದ ಪೆಂಟೆ ಒಡೆಯುತ್ತಿದ್ದರು. ನನ್ನನ್ನು ನೋಡಿ ನಕ್ಕರು. “ಏನ್ರಿ ಮೇಷ್ಟ್ರೇ, ರಜಾ ಇನ್ನೂ ಮುಗೀಲಿಲ್ಲ, ಭಾವನ ಅಂಗಡಿ ನೆನಪಾತು? ಸಿಹಿ ಸುದ್ದಿ ಅಂದ ಮ್ಯಾಲೆ ಮಾಂವನೇ ಬೆಲ್ಲ ಹಂಚಬೇಕ್ರಿ, ಇಲ್ಲಿ ತಿನ್ನಾಕ ಬರೋದಲ್ಲ.”

“ಭಾವ, ಕೂಸಿಗೆ ನಿಮ್ಮ ರಕ್ತ ಬೇಕಂತೆ. ಸೊರಬದ ಆಸ್ಪತ್ರೆಯಲ್ಲಿದೆ.”

ಅವರ ಕೈಯ ಕೊಡಲಿ ಬೆಲ್ಲದಲ್ಲಿ ಹಾಗೇ ನಿಂತಿತು. ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ, ಬೆಲ್ಲ ಮೆತ್ತಿದ ಕೈಯಲ್ಲೇ ಬಂದು ಬಸ್ಸು ಹತ್ತಿದರು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ, “ಮದಲ್ನೇದನ್ನ ನಾ ನೋಡಿದ್ದು ಮಣ್ಣು ಮಾಡೋ ಹೊತ್ತಿನಾಗ,” ಎಂದರು. ಹೆಸರಿಡುವವರೆಗೆ ಗಂಡ ಬಾಣಂತಿ ಕೋಣೆಗೆ ಹೋಗುವಂತಿರಲಿಲ್ಲ. “ಕಣ್ಣು ಹ್ಯಾಂಗದಾವ ಅಂತ ನೋಡಾಕೂ ಆಗ್ಲಿಲ್ಲ. ಮುಚ್ಚಿದ್ದುವಲ್ಲ.”

ನಾನು ಕಿಟಕಿಯ ಹೊರಗೆ ನೋಡಿದೆ.

ಸಂಜೆ ನಾಲ್ಕೂವರೆಗೆ ಶುರುವಾಯಿತು. ಗಾಜಿನ ಮೇಲೆ ಅಪ್ಪನ ರಕ್ತ, ಮಗುವಿನ ರಕ್ತ ಬೆರೆಸಿ ಗಂಟು ಕಟ್ಟುವುದಿಲ್ಲವೆಂದು ಡಾಕ್ಟರಮ್ಮ ಎರಡೆರಡು ಸಲ ನೋಡಿದರು. ಹೊಕ್ಕುಳ ಬಳ್ಳಿಯ ಬುಡದ ರಕ್ತನಾಳಕ್ಕೆ ಸಣ್ಣ ಕೊಳವೆ ಸೇರಿಸಿ, ಒಂದು ಪಿಚಕಾರಿಯಷ್ಟು ತೆಗೆಯುವುದು, ಒಂದು ಪಿಚಕಾರಿಯಷ್ಟು ಕೊಡುವುದು. ಮದರಾಸಿನಲ್ಲಿ ಇದನ್ನು ನಾಲ್ಕು ಸಲ ನೋಡಿದ್ದೇನೆ, ಒಂದು ಸಲ ಮಾಡಿದ್ದೇನೆ ಎಂದು ಮೊದಲೇ ಹೇಳಿದ್ದರು. ಪ್ರತಿ ಸಲ ಎಷ್ಟು ಹೋಯಿತು, ಎಷ್ಟು ಬಂತು ಎಂದು ಬರೆದುಕೊಳ್ಳುವ ಕೆಲಸ ನನಗೆ ಕೊಟ್ಟರು. ಹೊರಗೆ ಬರುತ್ತಿದ್ದ ರಕ್ತ ತೆಳ್ಳಗಿತ್ತು, ಮೇಲೆ ನಿಂತ ನೀರು ಕಂದು. ಒಳಗೆ ಹೋಗುತ್ತಿದ್ದದ್ದು ಗಾಢ ಕೆಂಪು. ಭಾವ ಪಕ್ಕದ ಬೆಂಚಿನ ಮೇಲೆ ಮಲಗಿ ಕತ್ತು ಹೊರಳಿಸಿ ಮಗನನ್ನೇ ನೋಡುತ್ತಿದ್ದರು. ಒಮ್ಮೆ ಕೂಸು ಕಣ್ಣು ತೆರೆಯಿತು.

“ನಮ್ಮಪ್ಪನ ಕಣ್ರಿ,” ಎಂದರು ಭಾವ. ಯಾರಿಗೆ ಹೇಳಿದರೋ ಗೊತ್ತಿಲ್ಲ.

ಅಲ್ಲಿಂದ ಕಾಯುವ ದಿನಗಳು. ಕೂಸು ಹಾಲು ಬಿಟ್ಟರೆ, ಕತ್ತು ಹಿಂದಕ್ಕೆ ಸೆಟೆದರೆ, ಅಳು ಕೀರಲಾದರೆ ತಕ್ಷಣ ತಿಳಿಸಬೇಕು. ಎರಡೆರಡು ಗಂಟೆಗೆ ಅದನ್ನು ಎಬ್ಬಿಸಿ ಹಾಲು ಕುಡಿಸಿ ನೋಡಬೇಕು. ಅಕ್ಕ, ಅವ್ವ, ಭಾವ, ನಾನು ಸರದಿ ಹಾಕಿಕೊಂಡೆವು. ಆದರೆ ಸರದಿ ಮುಗಿದವರೂ ಮಲಗುತ್ತಿರಲಿಲ್ಲ. ಕೂಸು ಸ್ವಲ್ಪ ಮೈ ಮುರಿದರೂ ನಾಲ್ಕು ತಲೆಗಳು ಅದರ ಮೇಲೆ ಬಾಗುತ್ತಿದ್ದವು. ನಾಲ್ಕನೆಯ ದಿನ ಉಚ್ಚೆ ತಿಳಿಯಾಯಿತು. ಅವ್ವ ಆ ಒದ್ದೆ ಬಟ್ಟೆಯನ್ನು ವಾರ್ಡಿನ ಎಲ್ಲರಿಗೂ ತೋರಿಸಿಕೊಂಡು ಬಂದಳು.

ಆ ದಿನಗಳಲ್ಲಿ ಡಾಕ್ಟರಮ್ಮ ಬಿಡುವಾದಾಗ ಕರೆದು ಮಾತಾಡುತ್ತಿದ್ದರು. ಇದು ವಂಶದಲ್ಲಿ ಬರುವುದು ಹೇಗೆಂದು ಒಂದು ಚೀಟಿಯ ಹಿಂದೆ ಬರೆದು ತೋರಿಸಿದರು. ಆ ಕಿಣ್ವವನ್ನು ಹೇಗೆ ಮಾಡಬೇಕೆಂಬ ಬರಹ ಇರುವ ವರ್ಣತಂತು ಹೆಂಗಸರಲ್ಲಿ ಎರಡು, ಗಂಡಸರಲ್ಲಿ ಒಂದೇ, ಅದೂ ತಾಯಿಯಿಂದ ಬಂದದ್ದು. ಹೆಂಗಸಿನ ಒಂದು ಪ್ರತಿಯಲ್ಲಿ ತಪ್ಪಿದ್ದರೂ ಇನ್ನೊಂದು ಕಾಯುತ್ತದೆ. ಮಗನಿಗೆ ತಪ್ಪಿರುವ ಪ್ರತಿ ಸಿಕ್ಕಿದರೆ ಬೇರೆ ಗತಿಯಿಲ್ಲ. ಅವ್ವನಿಂದ ನನಗೆ, ಅವ್ವನಿಂದ ಅಕ್ಕನಿಗೆ, ಅಕ್ಕನಿಂದ ಎರಡು ಕೂಸುಗಳಿಗೆ. “ಇದನ್ನ ನಿಮ್ಮ ಭಾವನಿಗೆ ಹೇಳುವಾಗ ಜೋಪಾನ,” ಎಂದರು. “ತಾಯಿಯಿಂದ ಬಂತು ಅಂದ ಕೂಡಲೇ ತಾಯಿಯ ತಪ್ಪು ಅಂದ್ಕೊಳ್ಳೋರೇ ಜಾಸ್ತಿ.”

ಭಾವನಿಗೆ ಅವರೇ ಹೇಳಿದರು. ಭಾವ ತಲೆ ಕೆರೆದುಕೊಂಡು ಕೇಳಿದ್ದು ಒಂದೇ ಮಾತು. “ಹಂಗಾರ ಮುಂದ ಏನೇನ್ ಕೊಡಬಾರ್ದು ಅಂತ ಒಂದು ಹಾಳಿ ಮ್ಯಾಲೆ ಬರ್ದು ಕೊಡ್ರಿ. ಅಂಗಡ್ಯಾಗ ದೇವರ ಪಟದ ಪಕ್ಕ ಅಂಟಿಸ್ತೀನಿ.” ಅವ್ವನೇ ಅಳಲು ಶುರು ಮಾಡಿದಳು. ಅವಳ ಬೆನ್ನಿಗೆ ಹುಟ್ಟಿದ ತಮ್ಮನೂ ಹತ್ತು ದಿನದೊಳಗೆ ಹಳದಿಯಾಗಿ ಹೋಗಿದ್ದನಂತೆ. ಮದುವೆಗೆ ಅಡ್ಡಿಯಾದೀತೆಂದು ಅದನ್ನು ಯಾರಿಗೂ ಹೇಳಬಾರದೆಂದು ಅಜ್ಜಿ ಮಾತು ತೆಗೆದುಕೊಂಡಿದ್ದಳಂತೆ. ಮೂರು ಜನ ಮೂರು ಕಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ದೆವು. ಅಜ್ಜಿ, ಅವ್ವ, ನಾನು.

ಆ ಬರಹದ ತಪ್ಪು ಎಂಥದ್ದೆಂದು ಆಗ ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಮುಂದೆ ವರ್ಷಗಟ್ಟಲೆ ನಾನು ಸಿಕ್ಕಿದ್ದನ್ನೆಲ್ಲ ಓದುತ್ತ ಹೋದೆ. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರ. ಯಾವುದರ ನಂತರ ಯಾವುದು ಎಂಬ ಕ್ರಮವನ್ನು ಜೀನು ಹೇಳುತ್ತದೆ. ಕ್ರಮ ಸರಿಯಿದ್ದರೆ ಸರ ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ, ಆ ಆಕಾರವೇ ಅದರ ಕೆಲಸ. ನಮ್ಮಂಥವರ ಕಿಣ್ವದಲ್ಲಿ ಐನೂರಕ್ಕೂ ಮಿಕ್ಕಿದ ಆ ಸರದಲ್ಲಿ ಸಾಮಾನ್ಯವಾಗಿ ಬದಲಾಗಿರುವುದು ಒಂದೇ ಒಂದು ಮಣಿ. ಅದರಿಂದ ಮಡಿಕೆ ಸಡಿಲವಾಗುತ್ತದೆ. ಹೊಸ ಕಣದಲ್ಲಿ ಕೆಲಸ ಮಾಡುತ್ತದೆ, ಕಣ ಹಳತಾದಂತೆ ಬಿಚ್ಚಿಕೊಳ್ಳುತ್ತದೆ. ಇಷ್ಟು ಸಣ್ಣ ತಪ್ಪು ಎಂದು ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಆ ಮಣಿ ನಾನು ಇಟ್ಟದ್ದಲ್ಲ. ಟ್ರಂಕಿನ ಗುಳಿಗೆಗಳನ್ನು ಇಟ್ಟವನು ನಾನು.

ಕೂಸು ಹುಟ್ಟಿದ ಹನ್ನೆರಡನೆಯ ದಿನ ಜಡೆಗೆ ಮರಳಿದೆವು. ಕೂಸಿನ ಮೈ ಹಳದಿ ಹೋಗಿ ಬಿಳಿಚಿಕೊಂಡಿತ್ತು, ಆದರೆ ಹಾಲಿಗೆ ಹಟ ಮಾಡುತ್ತಿತ್ತು. ಭಾವ ಮರುದಿನವೇ ಅಂಗಡಿಗೆ ಹೋದರು. ಅವ್ವ ಕಣಕ್ಕೆ ಹೋಗಿದ್ದಾಗ ನಾನು ಟ್ರಂಕನ್ನು ಅಂಗಳಕ್ಕೆ ಎಳೆದು ಗುಳಿಗೆಗಳನ್ನು ದೂರ ಹೊಂಡಕ್ಕೆ ಹಾಕಿ ಮುಚ್ಚಿ, ಬಟ್ಟೆಗಳನ್ನೆಲ್ಲ ಸೀಗೆ ಹಾಕಿ ಕುದಿಸಿದೆ. ಅಕ್ಕ ಜಗಲಿಯ ಬಿಸಿಲಿನಲ್ಲಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೋಡುತ್ತಿದ್ದಳು.

“ಅಕ್ಕ,” ಎಂದೆ. “ಹೋದ್ಸಾರಿನೂ ಇತ್ತು.”

“ಗೊತ್ತು.”

“ಡಾಕ್ಟರಮ್ಮ ಹೇಳಿದ್ರಾ?”

“ಯಾರಾದ್ರೂ ಹೇಳ್ಬೇಕೇನೋ ಸಿದ್ದು? ಅವನ ನೆತ್ತಿ ವಾಸನೆ ಎರಡು ವರ್ಷದಿಂದ ನನ್ನ ಮೂಗಲ್ಲೇ ಐತೆ. ಆಯಮ್ಮ ಕೌದಿ ಮೂಸಿ ನೋಡಿದ್ಲಲ್ಲ, ಆಗಲೇ ತಿಳೀತು. ನೀ ಇಲ್ಲ ಅಂದಾಗ ನಿನ್ನ ಮುಖ ನೋಡ್ದೆ.”

“ಯಾಕೆ ಸುಮ್ನಿದ್ದೆ?”

“ಅದರ ಮೇಲೆ ಇವನ ಜೀವ ನಿಂತೈತೆ ಅಂತ ನಂಗೇನು ಗೊತ್ತು? ಗೊತ್ತಿದ್ರೆ ಅಲ್ಲೇ ನಿನ್ನ ಕೆನ್ನೆಗೆ ಹೊಡೀತಿದ್ದೆ. ನಿಂಗ್ ಗೊತ್ತಿಲ್ದೆ ಇಟ್ಟೆ, ಅದ್ಕೆ ನಾ ಏನೂ ಅನ್ನಲ್ಲ. ಗೊತ್ತಿದ್ದೂ ಇಲ್ಲ ಅಂದ್ಯಲ್ಲ...” ಕೂಸಿನ ಮೂಗಿನ ಮೇಲೆ ಕೂತ ನೊಣವನ್ನು ಓಡಿಸಿದಳು. “ಅದನ್ನ ನುಂಗ್ಕೊಳ್ಳೋಕೆ ನಂಗೆ ದಿನ ಬೇಕು.”

ಹಂಡೆಯಲ್ಲಿ ಬಟ್ಟೆ ಕುದಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಎದ್ದು ಬಂದಳು.

“ಕೈ ತೊಳ್ಕಂಡಿದ್ಯಾ?”

“ಸಾಬೂನು ಹಾಕಿ.”

“ಮೂಸ್ತೀನಿ ತಾ.” ನನ್ನ ಎರಡೂ ಅಂಗೈಗಳನ್ನು ಹಿಡಿದು ಮೂಸಿದಳು. ಅಂಗಿಯ ತೋಳನ್ನೂ ಮೂಸಿದಳು. ಆಮೇಲೆ ಕೂಸನ್ನು ನನ್ನ ಕೈಗಿಟ್ಟಳು. ಬಸ್ಸಿನಿಂದ ಇಳಿದ ಆ ಭಾನುವಾರದ ನಂತರ ನಾನು ಅದನ್ನು ಎತ್ತಿಕೊಂಡಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ, ನಾನು ಕೇಳಿರಲೂ ಇಲ್ಲ.

“ಹಿಡ್ಕೋ. ನಾ ಒಂದಿಷ್ಟು ಒರಗ್ತೀನಿ. ಬಿಗಿಯಾಗಿ ಹಿಡೀಬ್ಯಾಡ.”

ಹಗಲು ಮೂರು ಗಂಟೆಗೆ ಚಾಪೆಯ ಮೇಲೆ ಒರಗಿದ ಅಕ್ಕ ಏಳಲಿಲ್ಲ. ಸಂಜೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ಅವ್ವ ಕೂಸನ್ನು ಅವಳ ಪಕ್ಕ ಮಲಗಿಸಿ ಹಾಲು ಕುಡಿಸಿದಳು. ಅಕ್ಕ ಅರೆನಿದ್ದೆಯಲ್ಲೇ ಕುಡಿಸಿ ಮತ್ತೆ ಹೊರಳಿದಳು. ಕೂಸು ಹೊಸ ಬಟ್ಟೆಯಲ್ಲಿತ್ತು. ಹೆಸರಿಡುವುದಕ್ಕೆ ಇನ್ನೂ ಎರಡು ದಿನ ಬಾಕಿ ಇದ್ದರೂ ಅವ್ವ ಏನೂ ಅನ್ನಲಿಲ್ಲ. ಅವಳೂ ಅವರ ಕಾಲ ಬಳಿ ಮುದುರಿಕೊಂಡಳು. ನಾನು ಎಂದಿನಂತೆ ಎರಡು ಗಂಟೆಗೊಮ್ಮೆ ನೋಡಬೇಕೆಂದು ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತೆ.

ಎಚ್ಚರವಾದಾಗ ಬೆಳಕಿಂಡಿಯಿಂದ ಬಿಸಿಲು ನನ್ನ ಮೊಣಕಾಲ ಮೇಲೆ ಬಿದ್ದಿತ್ತು. ಗಾಬರಿಯಿಂದ ಎದ್ದು ಕೋಣೆಗೆ ಇಣುಕಿದೆ. ಮೂವರೂ ಮಲಗಿದ್ದರು. ಕೂಸಿನ ಹೊಟ್ಟೆ ಏರಿ ಇಳಿಯುತ್ತಿತ್ತು. ಎಷ್ಟು ಹೊತ್ತಾಯಿತೆಂದು ಕೈಗಡಿಯಾರ ನೋಡಿದೆ. ರಾತ್ರಿ ಕೀಲಿ ಕೊಡುವುದನ್ನು ಮರೆತಿದ್ದೆ, ಅದು ನಿಂತಿತ್ತು.